ಹೊಸ ಊರು, ಹೊಸ ಗೆಳೆಯ



ನಾನು ಈ ಹೊತ್ತು ಹೇಳಬೇಕೆಂದಿರುವ ವಿಷಯ ಆಸ್ಪತ್ರೆಯ ಒಂದು ಹಾಳೆಯಿಂದ ಮೊದಲಾಗುತ್ತದೆ. ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯೇ ಓದಿ, ಅಲ್ಲಿಯೇ ಉದ್ಯೋಗಕ್ಕೆ ಸೇರಿ, ನಲವತ್ತಮೂರನೆಯ ವಯಸ್ಸಿನವರೆಗೆ ಬೇರೆ ಊರಿನ ನೀರು ಕುಡಿದು ಬಾಳದವನು ನಾನು. ಆಮೇಲೆ ವರ್ಗವಾಗಿ ಬೆಂಗಳೂರಿಗೆ ಬಂದೆ. ಬಂದ ಮೂರನೆಯ ವರ್ಷ, ಒಂದು ರಾತ್ರಿ, ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಮನೆಯವರು ತವರಿಗೆ ಹೋಗಿದ್ದರು. ಆಟೋ ಹಿಡಿದು ಒಬ್ಬನೇ ಆಸ್ಪತ್ರೆಗೆ ಹೋದೆ. ಅಲ್ಲಿ ಒಂದು ಹಾಳೆಯನ್ನು ಕೈಗೆ ಕೊಟ್ಟರು. ಹೆಸರು, ವಯಸ್ಸು, ವಿಳಾಸ ಎಲ್ಲವನ್ನೂ ತುಂಬಿದೆ. ಕೊನೆಯಲ್ಲಿ ಒಂದು ಗೆರೆ: ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು? ನಾನು ಮೈಸೂರಿನ ಬಾಲ್ಯಸ್ನೇಹಿತನ ಹೆಸರನ್ನು ಬರೆದೆ. ಗುಮಾಸ್ತನು ಅದನ್ನು ನೋಡಿ, "ಸಾರ್, ಈ ಊರಲ್ಲೇ ಇರೋರು ಯಾರಾದರೂ ಇದ್ರೆ ಬರೀರಿ" ಎಂದನು.

ಈ ಊರಿನಲ್ಲೇ ಇರುವವರು! ಒಂದು ಕೋಟಿಗೆ ಮೀರಿದ ಜನ ಇರುವ ಊರಿನಲ್ಲಿ, ಬೆಳಗಿನ ಜಾವ ಎರಡು ಗಂಟೆಗೆ ಎಬ್ಬಿಸಬಹುದಾದ ಒಬ್ಬ ಮನುಷ್ಯನ ಹೆಸರು ನನ್ನ ಲೇಖನಿಗೆ ಬರಲಿಲ್ಲ. ಕಡೆಗೆ ಬರೆದದ್ದು ಎದುರುಮನೆಯ ಒಬ್ಬ ತಾಯಿಯ ಹೆಸರು; ಆಕೆ ನನ್ನ ಹೆಂಡತಿಯ ಗೆಳತಿ. ಆ ಹೆಸರೂ ನನಗೆ ಪೂರ್ತಿಯಾಗಿ ತಿಳಿದಿರಲಿಲ್ಲ. ನೋವು ಅಜೀರ್ಣದ್ದೆಂದು ಬೆಳಗಾಗುವುದರೊಳಗೆ ಗೊತ್ತಾಯಿತು; ಒಂದು ಮಾತ್ರೆಗೆ ಅದು ಅಡಗಿತು. ಆ ಖಾಲಿ ಗೆರೆಯ ನೋವು ಮಾತ್ರ ಮನೆಗೆ ಬಂದ ಮೇಲೆಯೂ ಉಳಿದುಕೊಂಡಿತು. ಅದಕ್ಕೆ ಮದ್ದನ್ನು ಹುಡುಕುತ್ತ ನಾನು ಕಂಡುಕೊಂಡ ಕೆಲವು ವಿಚಾರಗಳನ್ನು ತಮ್ಮ ಮುಂದೆ ಅರಿಕೆಮಾಡುತ್ತೇನೆ. ಉದ್ಯೋಗಕ್ಕಾಗಿಯೋ, ಮಕ್ಕಳ ಓದಿಗಾಗಿಯೋ ಊರು ಬಿಟ್ಟು ಬಂದವರು ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಕೆಲವರಾದರೂ ಇರಬಹುದು.

ನಡುವಯಸ್ಸಿನಲ್ಲಿ ಆಪ್ತಸ್ನೇಹ ಕೂಡಿಬರುವುದಿಲ್ಲವೆಂಬುದು ಲೋಕದ ನಂಬಿಕೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಇದಕ್ಕೂ ಅನ್ವಯಿಸಿ ಸುಮ್ಮನಾಗುವವರುಂಟು. ನಾನೂ ಹಾಗೆಯೇ ಸುಮ್ಮನಾಗಿದ್ದೆ. ಆದರೆ ಸ್ವಲ್ಪ ಯೋಚಿಸಿ ನೋಡೋಣ. ಬಾಲ್ಯದಲ್ಲಿ ನಮಗೆ ಗೆಳೆಯರು ಹೇಗೆ ದೊರಕಿದರು? ನಾವೇನು ಗುಣಪರೀಕ್ಷೆ ಮಾಡಿ ಆರಿಸಿಕೊಂಡೆವೆ? ಶಾಲೆಯಲ್ಲಿ ಮೇಷ್ಟರು ಒಂದು ಬೆಂಚಿನ ಮೇಲೆ ಕೂರಿಸಿದರು, ಪಕ್ಕದಲ್ಲಿದ್ದವನು ಗೆಳೆಯನಾದನು. ಒಂದೇ ಕೇರಿಯಲ್ಲಿ ಮನೆಯಿತ್ತು. ಸಂಜೆ ಹೊರಗೆ ಬಂದರೆ ಅವನೂ ಬಂದಿರುತ್ತಿದ್ದನು. ಬಾ ಎಂದು ಕರೆಯಬೇಕಾಗಿರಲಿಲ್ಲ, ದಿನ ಗೊತ್ತುಮಾಡಬೇಕಾಗಿರಲಿಲ್ಲ. ವರ್ಷಗಟ್ಟಲೆ, ದಿನಕ್ಕೆ ಐದಾರು ಗಂಟೆ, ಯಾವ ಕೆಲಸವೂ ಇಲ್ಲದೆ ಜೊತೆಯಲ್ಲಿದ್ದೆವು. ಸ್ನೇಹವನ್ನು ಬೆಳೆಸಿದ್ದು ನಮ್ಮ ಎಳೆಯ ವಯಸ್ಸೆಂದು ತಿಳಿದಿದ್ದೇವೆ. ನಿಜವಾಗಿ ಬೆಳೆಸಿದ್ದು ಆ ಏರ್ಪಾಡು.

ಈ ಮಾತಿಗೆ ಒಂದು ಪ್ರಮಾಣವೂ ಉಂಟು. ಎರಡನೆಯ ಮಹಾಯುದ್ಧ ಮುಗಿದ ತರುವಾಯ, ಸೈನ್ಯದಿಂದ ಹಿಂದಿರುಗಿದ ವಿವಾಹಿತ ವಿದ್ಯಾರ್ಥಿಗಳಿಗಾಗಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯವು ವೆಸ್ಟ್‌ಗೇಟ್ ಎಂಬ ವಸತಿಯನ್ನು ಕಟ್ಟಿಸಿತು. ಅಲ್ಲಿಗೆ ಬಂದವರು ಹುಡುಗರಲ್ಲ. ಯುದ್ಧ ಕಂಡವರು, ಸಂಸಾರಸ್ಥರು, ಒಬ್ಬರಿಗೊಬ್ಬರು ಅಪರಿಚಿತರು. ಫೆಸ್ಟಿಂಗರ್, ಷಾಕ್ಟರ್, ಬ್ಯಾಕ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಅಲ್ಲಿ ಯಾರಿಗೆ ಯಾರು ಸ್ನೇಹಿತರಾದರೆಂದು ವಿಚಾರಿಸಿ, 1950ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಪಕ್ಕದ ಬಾಗಿಲಿನವರು ಎಲ್ಲರಿಗಿಂತ ಹೆಚ್ಚಾಗಿ ಸ್ನೇಹಿತರಾಗಿದ್ದರು. ಬಾಗಿಲುಗಳ ನಡುವಣ ಅಂತರ ಹೆಚ್ಚಿದಂತೆ ಸ್ನೇಹ ಕಡಮೆಯಾಗಿತ್ತು. ಮೆಟ್ಟಿಲಿನ ಬುಡದಲ್ಲಿ ಮನೆ ಇದ್ದವರಿಗೆ ಮೇಲಂತಸ್ತಿನಲ್ಲಿಯೂ ಗೆಳೆಯರಿದ್ದರು. ಏಕೆಂದರೆ ಹತ್ತಿ ಇಳಿಯುವವರು ದಿನವೂ ಅವರಿಗೆ ಎದುರಾಗುತ್ತಿದ್ದರು. ಮರವಾದ ಮೇಲೂ ಮನುಷ್ಯ ಬಗ್ಗುತ್ತಾನೆ. ಆದರೆ ದಿನವೂ ಗಾಳಿ ಬೀಸುವ ಕಡೆ ಅವನು ನಿಂತಿರಬೇಕು.

ಎರಡನೆಯ ಮಾತು ಕಾಲದ್ದು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಅವರು ಪ್ರಶ್ನಿಸಿದವರಲ್ಲಿ ಒಂದು ತಂಡ, ಹಿಂದಿನ ಆರು ತಿಂಗಳೊಳಗೆ ಊರು ಬದಲಾಯಿಸಿದ 355 ಮಂದಿ ವಯಸ್ಕರು. ಬರಿಯ ಪರಿಚಯ ಸಾಧಾರಣ ಸ್ನೇಹವಾಗುವುದಕ್ಕೆ ಸುಮಾರು 50 ಗಂಟೆಗಳ ಒಡನಾಟ ಬೇಕಾಗುತ್ತದೆ. ಗೆಳೆಯನೆಂದು ಸಂಶಯವಿಲ್ಲದೆ ಹೇಳಬೇಕಾದರೆ 90 ಗಂಟೆ. ಆಪ್ತನೆನ್ನಬೇಕಾದರೆ 200 ಗಂಟೆಗೂ ಮಿಗಿಲು. ಇದು ಪಂಚಾಂಗದ ಗಣಿತವಲ್ಲ, ಒಂದು ಅಂದಾಜು. ಕಚೇರಿಯಲ್ಲಿ ಅಕ್ಕಪಕ್ಕ ಕುಳಿತು ದುಡಿದ ಗಂಟೆಗಳು ಈ ಲೆಕ್ಕದಲ್ಲಿ ಅಷ್ಟಾಗಿ ಜಮೆಯಾಗುವುದಿಲ್ಲವೆಂದೂ, ಬಿಡುವಿನಲ್ಲಿ ಕಳೆದ ಹೊತ್ತು, ಮನಸ್ಸು ಬಿಚ್ಚಿ ಆಡಿದ ಮಾತು, ನಗೆಚಾಟಿಕೆ ಇವು ಜಮೆಯಾಗುತ್ತವೆಂದೂ ಅವರು ಕಂಡರು. ವಾರಕ್ಕೆ ಒಂದು ಗಂಟೆ ಭೇಟಿಯಾದರೆ 200 ಗಂಟೆಗೆ ಸುಮಾರು ನಾಲ್ಕು ವರ್ಷ. ವಾರಕ್ಕೆ ನಾಲ್ಕು ಗಂಟೆಯಾದರೆ ಒಂದು ವರ್ಷ. ಎರಡು ತಿಂಗಳಿಗೊಮ್ಮೆ ಹೋಟೆಲಿನಲ್ಲಿ ಸೇರಿ, "ಇನ್ನೊಮ್ಮೆ ಸಿಗೋಣ" ಎಂದು ಅಗಲುವವರು ಈ ಜನ್ಮದಲ್ಲಿ ಆಪ್ತರಾಗುವುದು ಕಷ್ಟ. ಅವರಲ್ಲಿ ಪ್ರೀತಿಯಿಲ್ಲವೆಂದಲ್ಲ, ಗಂಟೆಗಳಿಲ್ಲ.

ಈ ಲೆಕ್ಕವನ್ನು ನನಗೆ ನಾನೇ ಹಾಕಿಕೊಂಡಾಗ ನನ್ನ ತಪ್ಪು ಸ್ಪಷ್ಟವಾಯಿತು. ಬೆಂಗಳೂರಿಗೂ ಮೈಸೂರಿಗೂ ಸುಮಾರು 140 ಕಿಲೋಮೀಟರು. ಈ ಸಾಮೀಪ್ಯವೇ ನನಗೆ ಶತ್ರುವಾಯಿತು. ಶನಿವಾರ ಮಧ್ಯಾಹ್ನ ರೈಲು ಹತ್ತುತ್ತಿದ್ದೆ. ಭಾನುವಾರ ರಾತ್ರಿ ಇಳಿಯುತ್ತಿದ್ದೆ. ಉಳಿದ ಐದಾರು ದಿನ ಕಚೇರಿ, ಊಟ, ನಿದ್ದೆ. ಮೈಸೂರಿನ ಗೆಳೆಯರ ಮುಂದೆ ಕುಳಿತು ಬೆಂಗಳೂರಿನವರು ಮುಖ ಕೊಟ್ಟು ಮಾತಾಡುವುದಿಲ್ಲವೆಂದು ದೂರುತ್ತಿದ್ದೆ. ಮುಖ ಕೊಡುವುದಕ್ಕೆ ಬಿಡುವಾದ ದಿನದಲ್ಲಿ ನಾನು ಊರಿನಲ್ಲಿಯೇ ಇರುತ್ತಿರಲಿಲ್ಲ! ಎರಡೂವರೆ ವರ್ಷ ಬೆಂಗಳೂರಿನಲ್ಲಿ ನಾನು ವಾಸವಾಗಿರಲಿಲ್ಲ, ತಂಗಿದ್ದೆ ಅಷ್ಟೆ. ಇಂದು ದೂರದೂರಿನಲ್ಲಿರುವವರು ರೈಲು ಹತ್ತಬೇಕಾದುದೂ ಇಲ್ಲ. ಸಂಜೆಯೆಲ್ಲ ಕೈಯಲ್ಲಿನ ದೂರವಾಣಿಯಲ್ಲಿ ಹಳೆಯ ಊರಿನೊಡನೆಯೇ ಮಾತಾಡುತ್ತಿರಬಹುದು. ಹಳೆಯ ಗೆಳೆಯರನ್ನು ಮರೆಯಬೇಕೆಂದು ನಾನು ಹೇಳುತ್ತಿಲ್ಲ. ಹೊಸ ಊರಿಗೂ ವಾರದಲ್ಲಿ ಒಂದು ಸಂಜೆಯನ್ನು ಕಂದಾಯವಾಗಿ ಕಟ್ಟಬೇಕೆಂದು ಹೇಳುತ್ತಿದ್ದೇನೆ.

ಇದೇ ಕಾಲದಲ್ಲಿ ನನ್ನ ಮನೆಯವರು ಏನು ಮಾಡಿದರು? ಬಂದ ವಾರದಲ್ಲಿಯೇ ಎದುರುಮನೆಗೆ ಹೋಗಿ ಒಂದು ಚಮಚ ಹೆಪ್ಪನ್ನು ಕೇಳಿ ತಂದರು. ಮರುದಿನ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅದರಲ್ಲಿ ನಾಲ್ಕು ಕೋಡುಬಳೆ ಇಟ್ಟು ಕಳುಹಿಸಿದರು. ಗೌರಿಹಬ್ಬಕ್ಕೆ ಬಾಗಿನ, ನವರಾತ್ರಿಗೆ ಬೊಂಬೆ ನೋಡಲು ಆಹ್ವಾನ, ಶುಕ್ರವಾರ ಅರಿಶಿನ ಕುಂಕುಮ. ಆರು ತಿಂಗಳೊಳಗೆ ಅವರಿಗೆ ಮೂವರು ಗೆಳತಿಯರಿದ್ದರು. ನಾನು ಇದನ್ನು ಹೆಂಗಸರ ಹರಟೆಯೆಂದು ನಗುತ್ತಿದ್ದೆ. ಆಸ್ಪತ್ರೆಯ ಹಾಳೆಯಲ್ಲಿ ಅದೇ ಹರಟೆಯ ಫಲವನ್ನು ಎರವಲು ಪಡೆದಾಗ ನಗೆ ನಿಂತಿತು.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ದೇಶದಲ್ಲಿ ಊರು ಬದಲಾಯಿಸುವ ವಿದ್ಯೆಯನ್ನು ತಲೆತಲಾಂತರದಿಂದ ಕಲಿತವರು ಹೆಂಗಸರು. ನಮ್ಮ ಅಜ್ಜಿಯರು ಇನ್ನೂ ಬಾಲ್ಯ ಕಳೆಯುವ ಮೊದಲೇ ತವರನ್ನು ಬಿಟ್ಟು, ಯಾರೊಬ್ಬರ ಮುಖವನ್ನೂ ಅರಿಯದ ಊರಿಗೆ ಬಂದರು. ಆ ಅಗಲಿಕೆಯ ಕಣ್ಣೀರನ್ನು ನಾನು ಹಗುರಮಾಡುವುದಿಲ್ಲ. ಅದು ಅವರು ಬಯಸಿ ಪಡೆದದ್ದಲ್ಲ. ಆದರೆ ಆ ಕಷ್ಟದೊಳಗಿಂದಲೇ ಅವರು ಹೆಪ್ಪು, ಕರಿಬೇವು, ಬಾಗಿನಗಳ ಒಂದು ಶಾಸ್ತ್ರವನ್ನು ಕಟ್ಟಿಕೊಂಡರು. ಮತ್ತೆ ಮತ್ತೆ ಹೊಸ್ತಿಲು ದಾಟುವುದಕ್ಕೆ ಅದು ಮರ್ಯಾದೆಯ ನೆಪವಾಯಿತು. ಗಂಡಸರಾದ ನಮಗೆ ಅಂಥ ನೆಪವಿಲ್ಲ. ಕಾರಣವಿಲ್ಲದೆ ಇನ್ನೊಬ್ಬರ ಬಾಗಿಲು ತಟ್ಟುವುದನ್ನು ಯಾರೂ ನಮಗೆ ಕಲಿಸಲಿಲ್ಲ. ಇಂದು ಉದ್ಯೋಗಕ್ಕೆ ಹೋಗುವ ಹೆಂಗಸರಿಗೂ ಈ ನೆಪಗಳು ಕಡಮೆಯಾಗುತ್ತಿವೆ. ಆದುದರಿಂದ ನೆಪಗಳನ್ನು ನಾವೆಲ್ಲರೂ ಹೊಸದಾಗಿ ಕಲ್ಪಿಸಿಕೊಳ್ಳಬೇಕಾಗಿದೆ.

ಇಲ್ಲಿ ಮುಖ್ಯವಾದ ಅಡ್ಡಿ ಸಂಕೋಚ. ಹೋಗಿ ಮಾತಾಡಿಸಿದರೆ ಅವರು ಏನೆಂದುಕೊಂಡಾರು? ಏನೋ ಲಾಭಕ್ಕೆ ಬಂದಿದ್ದಾನೆಂದು ತಿಳಿದಾರು. ಇಷ್ಟು ವಯಸ್ಸಾಗಿಯೂ ಗೆಳೆಯರಿಲ್ಲದವನೆಂದು ಕನಿಕರಪಟ್ಟಾರು. ಪಂಚತಂತ್ರದ ಮಿತ್ರಸಂಪ್ರಾಪ್ತಿಯನ್ನು ತಾವು ಬಲ್ಲಿರಿ. ಹಿರಣ್ಯಕನೆಂಬ ಇಲಿಯ ಬಿಲದ ಬಾಯಿಗೆ ಲಘುಪತನಕನೆಂಬ ಕಾಗೆ ಬಂದು ಸ್ನೇಹವನ್ನು ಬೇಡಿತು. ಇಲಿ ಒಪ್ಪಲಿಲ್ಲ, ತಿನ್ನುವವನಿಗೂ ತಿನ್ನಿಸಿಕೊಳ್ಳುವವನಿಗೂ ಸ್ನೇಹವೆಲ್ಲಿಯದು ಎಂದಿತು. ಕಾಗೆ ಹಿಂದಿರುಗಲಿಲ್ಲ. ಕಾಗೆ ಹೊರಗೆ, ಇಲಿ ಒಳಗೆ ಇದ್ದುಕೊಂಡೇ ಮಾತುಕತೆ ನಡೆಯಿತು. ಇದಕ್ಕೆ ಸಿಕ್ಕಿದ ತುತ್ತು ಅದಕ್ಕೆ, ಅದಕ್ಕೆ ಸಿಕ್ಕಿದ ಕಾಳು ಇದಕ್ಕೆ. ದಿನಗಳು ಕಳೆದ ಮೇಲೆ ಇಲಿ ಹೊರಗೆ ಬಂದು ಕಾಗೆಯ ರೆಕ್ಕೆಯ ಕೆಳಗೆ ಕುಳಿತಿತು. ಮುಂದೆ ಕ್ಷಾಮ ಬಂದಾಗ ಎರಡೂ ಊರು ಬಿಟ್ಟು ಮಂಥರಕನೆಂಬ ಆಮೆಯ ಸರೋವರಕ್ಕೆ ಹೋದವು. ಇದು ಎಳೆಯ ಪ್ರಾಣಿಗಳ ಕಥೆಯಲ್ಲವೆಂಬುದನ್ನು ಗಮನಿಸಬೇಕು. ಇಲಿ ಆಸ್ತಿಯನ್ನು ಕಳೆದುಕೊಂಡು ಲೋಕವನ್ನು ಕಂಡಿದ್ದ ಪ್ರಾಯಸ್ಥ. ಸಂದೇಹಪಡುವುದಕ್ಕೆ ಅದಕ್ಕೆ ನ್ಯಾಯವಾದ ಕಾರಣವೂ ಇತ್ತು.

ನಮ್ಮ ಸಂದೇಹಕ್ಕೆ ಅಷ್ಟು ಕಾರಣವಿಲ್ಲ. ಎರಿಕಾ ಬೂತ್ಬಿ ಎಂಬ ಮನಶ್ಶಾಸ್ತ್ರಜ್ಞೆಯೂ ಆಕೆಯ ಸಂಗಡಿಗರೂ 2018ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅಪರಿಚಿತರಿಬ್ಬರನ್ನು ಮಾತಿಗೆ ಕೂರಿಸಿ, ಆಮೇಲೆ ಒಬ್ಬೊಬ್ಬರನ್ನೇ, ನಿಮಗೆ ಅವರು ಎಷ್ಟು ಹಿಡಿಸಿದರು, ಅವರಿಗೆ ನೀವು ಎಷ್ಟು ಹಿಡಿಸಿರಬಹುದು ಎಂದು ಕೇಳಿದರು. ಸಾಮಾನ್ಯವಾಗಿ ಜನರು ತಾವು ಹಿಡಿಸಿದ್ದಕ್ಕಿಂತ ಕಡಮೆಯಾಗಿಯೇ ಊಹಿಸಿದ್ದರು. ನಾವು ಬಿಲದೊಳಗಿಂದ, ಹೊರಗಿರುವವನು ನಮ್ಮನ್ನು ಹಳಿಯುತ್ತಿದ್ದಾನೆಂದು ತಿಳಿಯುತ್ತೇವೆ. ಅವನೂ ತನ್ನ ಬಿಲದೊಳಗಿಂದ ಅದನ್ನೇ ತಿಳಿಯುತ್ತಿರುತ್ತಾನೆ.

ಸಂಕೋಚವನ್ನು ಮುರಿಯುವ ಉಪಾಯ ಯಾವುದು? ಉಪಕಾರ ಮಾಡುವುದೆಂದು ನಾನು ಬಹುಕಾಲ ಭಾವಿಸಿದ್ದೆ. ಆದರೆ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಬೇರೆ ದಾರಿಯೊಂದನ್ನು ಹೇಳಿದ್ದಾನೆ. ಶಾಸನಸಭೆಯಲ್ಲಿ ಒಬ್ಬ ಸದಸ್ಯನು ಅವನಿಗೆ ವಿರೋಧಿಯಾಗಿದ್ದನು. ಫ್ರಾಂಕ್ಲಿನ್ ಅವನಿಗೆ ಏನನ್ನೂ ಕೊಡಲಿಲ್ಲ. ಅವನಲ್ಲಿದ್ದ ಅಪೂರ್ವವಾದ ಪುಸ್ತಕವೊಂದನ್ನು ಕೆಲವು ದಿನಗಳ ಮಟ್ಟಿಗೆ ಎರವಲು ಕೇಳಿದನು, ಓದಿ ಕೃತಜ್ಞತೆಯೊಡನೆ ಹಿಂದಿರುಗಿಸಿದನು. ಆಮೇಲೆ ಅವರಿಬ್ಬರ ಸ್ನೇಹ ಆ ಸದಸ್ಯನ ಮರಣದವರೆಗೂ ನಡೆಯಿತು. ಕೊಡುವವನು ಮೇಲೆ ನಿಲ್ಲುತ್ತಾನೆ. ಕೇಳುವವನು ತನ್ನ ಕೊರತೆಯನ್ನು ತೋರಿಸಿ ಪಕ್ಕದಲ್ಲಿ ಬಂದು ನಿಲ್ಲುತ್ತಾನೆ. ಹೆಪ್ಪನ್ನು ಕೇಳಿದ ನನ್ನ ಮನೆಯವರು ಫ್ರಾಂಕ್ಲಿನ್ನನನ್ನು ಓದಿರಲಿಲ್ಲ, ಓದಬೇಕಾಗಿಯೂ ಇರಲಿಲ್ಲ.

ನಾನು ಕೇಳಿದ್ದು ಒಂದು ಏಣಿಯನ್ನು. ಆಸ್ಪತ್ರೆಯಿಂದ ಬಂದ ಮೇಲೆ ಶನಿವಾರದ ರೈಲನ್ನು ತಿಂಗಳಿಗೊಂದಕ್ಕೆ ಇಳಿಸಿ, ಬೆಳಗಿನ ಹೊತ್ತು ಲಾಲ್‌ಬಾಗಿಗೆ ಹೋಗುವ ಪದ್ಧತಿ ಇಟ್ಟುಕೊಂಡೆ. ಕೆಂಪೇಗೌಡರ ಗೋಪುರವಿರುವ ಆ ಹಳೆಯ ಬಂಡೆಯ ಕೆಳಗೆ ಒಂದು ಕಲ್ಲುಬೆಂಚು. ದಿನವೂ ಒಂದೇ ಹೊತ್ತಿಗೆ, ನನಗಿಂತ ಹತ್ತು ವರ್ಷ ಹಿರಿಯರೊಬ್ಬರು ಅಲ್ಲಿ ಕುಳಿತಿರುತ್ತಿದ್ದರು. ಮೊದಲು ತಲೆದೂಗು, ಆಮೇಲೆ ನಮಸ್ಕಾರ, ಆಮೇಲೆ ಮಳೆಯ ಮಾತು. ನಾಲ್ಕು ತಿಂಗಳು ಮಳೆಯನ್ನು ದಾಟಿ ನಾವು ಮುಂದೆ ಹೋಗಲಿಲ್ಲ. ಅವರ ಮನೆ ನಮ್ಮ ಬೀದಿಯಿಂದ ಎರಡನೆಯದೆಂದು ಒಂದು ದಿನ ತಿಳಿಯಿತು. ಆ ವಾರ ನಮ್ಮ ಅಟ್ಟದಿಂದ ಹಳೆಯ ಪೆಟ್ಟಿಗೆಯೊಂದನ್ನು ಇಳಿಸಬೇಕಾಗಿತ್ತು. "ಸ್ವಾಮಿ, ತಮ್ಮ ಮನೆಯಲ್ಲಿ ಏಣಿ ಇದೆಯೆ?" ಎಂದು ಕೇಳಿಬಿಟ್ಟೆ. ಕೇಳಿದ ಕೂಡಲೇ ಮುಖ ಬಿಸಿಯಾಯಿತು. ಅವರು, "ಇದೆ. ಆದರೆ ಒಂದು ಕಾಲು ಸರಿಯಿಲ್ಲ, ಹಿಡಿದುಕೊಳ್ಳೋದಕ್ಕೆ ನಾನೂ ಬರಬೇಕು" ಎಂದರು.

ಅವರು ಬಂದರು, ಏಣಿಯನ್ನು ಹಿಡಿದರು, ಕಾಫಿ ಕುಡಿದರು. ಪೆಟ್ಟಿಗೆಯಲ್ಲಿದ್ದ ನನ್ನ ತಂದೆಯ ಪುಸ್ತಕಗಳನ್ನು ನೋಡುತ್ತ ಎರಡು ಗಂಟೆ ಕುಳಿತರು. ಅನಂತಪುರದ ಕಡೆಯವರು, ಇಪ್ಪತ್ತು ವರ್ಷದ ಹಿಂದೆ ಈ ಊರಿಗೆ ಬಂದು, ಹೆಂಡತಿಯನ್ನು ಕಳೆದುಕೊಂಡು, ಮಕ್ಕಳು ವಿದೇಶದಲ್ಲಿರಲಾಗಿ ಒಬ್ಬರೇ ಇದ್ದವರು. ಮುಂದೆ ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದಾಗ ಹದಿನೈದು ದಿನ ನಾನು ಹೋಗಿ ವೃತ್ತಪತ್ರಿಕೆ ಓದಿ ಹೇಳಿದೆ. ಒಂದು ಸಂಜೆ ಓದು ಮುಗಿದ ಮೇಲೆ ಅವರು ತಮ್ಮ ಹೆಂಡತಿಯ ಕಡೆಯ ದಿನಗಳನ್ನು ಕುರಿತು ಹೇಳಿದರು. ನಾನು ಆ ರಾತ್ರಿಯ ಆಸ್ಪತ್ರೆಯ ಹಾಳೆಯನ್ನು ಕುರಿತು ಹೇಳಿದೆ. ಅದುವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ. ಅವರು ನಗಲೂ ಇಲ್ಲ, ಕನಿಕರಪಡಲೂ ಇಲ್ಲ. "ನನ್ನದೂ ಅದೇ ಹಾಳೆ" ಎಂದರು.

ಎಲ್ಲ ಪ್ರಯತ್ನವೂ ಹೀಗೆ ಫಲಿಸಿತೆಂದು ತಾವು ತಿಳಿಯಬಾರದು. ಕಚೇರಿಯ ಸಹೋದ್ಯೋಗಿಯೊಬ್ಬರನ್ನು ಮೂರು ಸಲ ಊಟಕ್ಕೆ ಕರೆದೆ. ಮೂರು ಸಲವೂ ಅವರಿಗೆ ಬೇರೆ ಕೆಲಸವಿತ್ತು. ನಾಲ್ಕನೆಯ ಸಲ ಕರೆಯಲಿಲ್ಲ. ಅದರಲ್ಲಿ ಅವರ ತಪ್ಪಿಲ್ಲ. ಅರಿಸ್ಟಾಟಲನು ನೀತಿಶಾಸ್ತ್ರವನ್ನು ಕುರಿತ ತನ್ನ ಗ್ರಂಥದ ಹತ್ತು ಭಾಗಗಳಲ್ಲಿ ಎರಡನ್ನು ಸ್ನೇಹಕ್ಕೇ ಮೀಸಲಿಟ್ಟು, ಪ್ರಯೋಜನದ ಸ್ನೇಹ, ಸಂತೋಷದ ಸ್ನೇಹ, ಗುಣದ ಸ್ನೇಹವೆಂದು ಮೂರು ಬಗೆಯನ್ನು ಹೇಳುತ್ತಾನೆ. ಮೊದಲನೆಯ ಎರಡು ಕಾರಣ ತೀರಿದೊಡನೆ ತೀರುತ್ತವೆ. ಅವುಗಳನ್ನು ತುಚ್ಛವಾಗಿ ಕಾಣಬೇಕಾಗಿಲ್ಲ. ಮೂರನೆಯದೂ ಅನೇಕ ವೇಳೆ ಅವುಗಳ ಬಾಗಿಲಿನಿಂದಲೇ ಒಳಗೆ ಬರುತ್ತದೆ. ಜೊತೆಯಲ್ಲಿ ಕುಳಿತು ಸಾಕಷ್ಟು ಉಪ್ಪನ್ನು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾರರೆಂಬ ನಾಣ್ನುಡಿಯನ್ನೂ ಅವನು ನೆನೆಯುತ್ತಾನೆ. ಉಪ್ಪಿನ ಋಣವನ್ನು ಬಲ್ಲ ನಮಗೆ ಇದಕ್ಕೆ ವ್ಯಾಖ್ಯಾನ ಬೇಡ. ಉಪ್ಪು ಒಂದು ದಿನದಲ್ಲಿ ತಿಂದು ಮುಗಿಸುವ ಪದಾರ್ಥವಲ್ಲ.

ನಮ್ಮ ನಾಡಿನಲ್ಲಿಯೂ ಪ್ರಾಯದ ಸ್ನೇಹಕ್ಕೆ ಒಳ್ಳೆಯ ನಿದರ್ಶನಗಳುಂಟು. 1922ರ ಸುಮಾರಿಗೆ ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ಬೆಳೆದ ಗೆಳೆಯರ ಗುಂಪು ಅಂಥದು. ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಮೊದಲಾದವರು ಒಂದೇ ಕೇರಿಯಲ್ಲಿ ಬೆಳೆದವರಲ್ಲ. ಬೇರೆ ಬೇರೆ ಊರುಗಳಿಂದ ಬಂದು ಅಲ್ಲಿ ಕೂಡಿದವರು. ಬರೆದದ್ದನ್ನು ಓದುವುದು, ಕೇಳುವುದು, ಕನ್ನಡದ ಕೆಲಸವನ್ನು ಕೂಡಿ ಮಾಡುವುದು ಅವರಿಗೆ ನೆಪವಾಯಿತು. ಮುಂಬಯಿಗೆ ಹೋದ ಕನ್ನಡಿಗರು 1926ರಲ್ಲಿ ಮೈಸೂರು ಅಸೋಸಿಯೇಷನ್ನನ್ನು ಸ್ಥಾಪಿಸಿಕೊಂಡರು. ನಾಟಕ, ಸಂಗೀತ, ಹಬ್ಬ ಎಂದು ವಾರವಾರ ಸೇರುವ ಒಂದು ಸ್ಥಳವಿದ್ದರೆ, ಗಂಟೆಗಳು ತಾವಾಗಿಯೇ ಕೂಡುತ್ತವೆ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಸಭೆಯಲ್ಲಿ ಐವತ್ತು ಜನರ ನಡುವೆ ಕುಳಿತು ಬಂದ ಮಾತ್ರಕ್ಕೆ ಆಪ್ತತೆ ಬರುವುದಿಲ್ಲ. ಸಭೆ ಮುಗಿದ ಮೇಲೆ ಒಬ್ಬರೊಡನೆ ಮನೆಯವರೆಗೆ ನಡೆದುಕೊಂಡು ಹೋಗಬೇಕು.

ಇಷ್ಟನ್ನೂ ಕೂಡಿಸಿ ಹೇಳುವುದಾದರೆ, ಹೊಸ ಊರಿಗೆ ಬಂದವರು ಮಾಡಬಹುದಾದುದು ಹೆಚ್ಚೇನಿಲ್ಲ. ಒಂದು ಸ್ಥಳವನ್ನು ಆರಿಸಿಕೊಳ್ಳಿ: ಉದ್ಯಾನವಾಗಲಿ, ವಾಚನಾಲಯವಾಗಲಿ, ಭಜನೆಯಾಗಲಿ, ಆಟದ ಬಯಲಾಗಲಿ. ಒಂದೇ ಹೊತ್ತಿಗೆ, ಒಂದು ವರ್ಷ ಬಿಡದೆ ಹೋಗಿ. ಕಂಡ ಮುಖಗಳಲ್ಲಿ ಒಂದನ್ನು ಚಿಕ್ಕದೊಂದು ಸಹಾಯ ಕೇಳಿ. ಮನೆಗೆ ಕರೆಯುವಾಗ ಔತಣ ಮಾಡಬೇಡಿ; ಇದ್ದ ಉಪ್ಪಿಟ್ಟನ್ನೇ ಬಡಿಸಿ. ಔತಣವುಂಡವನು ಅತಿಥಿಯಾಗಿಯೇ ಉಳಿಯುತ್ತಾನೆ, ಉಪ್ಪಿಟ್ಟು ತಿಂದವನು ಮತ್ತೆ ಬರುತ್ತಾನೆ. ಹಳೆಯ ಗೆಳೆಯನೊಡನೆ ಹೊಸಬನನ್ನು ತೂಗಬೇಡಿ. ಅವನ ತಕ್ಕಡಿಯಲ್ಲಿ ಮೂವತ್ತು ವರ್ಷಗಳಿವೆ, ಇವನಲ್ಲಿ ಇನ್ನೂ ಮೂರು ತಿಂಗಳು. ಕೊನೆಯದಾಗಿ, ಕಾಲ ಬಂದಾಗ, ಮನಸ್ಸಿನ ಒಂದು ನಿಜವನ್ನು ಹೇಳಿ. ಮಳೆಯ ಮಾತಿನಿಂದ ಮುಂದೆ ಹೋಗುವುದಕ್ಕೆ ಬೇರೆ ಸೇತುವೆಯನ್ನು ನಾನು ಕಾಣೆ.

ಕಳೆದ ತಿಂಗಳು ವಾರ್ಷಿಕ ಪರೀಕ್ಷೆಗೆಂದು ಅದೇ ಆಸ್ಪತ್ರೆಗೆ ಹೋಗಿದ್ದೆ. ಅದೇ ಹಾಳೆ, ಅದೇ ಗೆರೆ. ಎರಡು ಬೀದಿಯಾಚೆಯ ಹೆಸರನ್ನು, ಅಕ್ಷರ ತಪ್ಪದೆ, ಸಂಖ್ಯೆಯನ್ನೂ ನೆನಪಿನಿಂದಲೇ ಬರೆದೆ. ಮನೆಗೆ ಬಂದು ಅವರಿಗೆ ಇದನ್ನು ತಿಳಿಸಿದಾಗ, ತಮ್ಮ ಹಾಳೆಯಲ್ಲಿ ನನ್ನ ಹೆಸರು ಎರಡು ವರ್ಷದಿಂದಲೂ ಇದೆಯೆಂದರು. ಏಣಿ ಇನ್ನೂ ನಮ್ಮ ಮನೆಯಲ್ಲಿಯೇ ಇದೆ. ಅದನ್ನು ಹಿಂದಿರುಗಿಸಬೇಕೆಂದು ನಾನೂ ಹೇಳಿಲ್ಲ, ಅವರೂ ಕೇಳಿಲ್ಲ.